ಮಿಸ್ತ್ರಿ ಎಳೆದ ಬಿಳಿ ಗೆರೆ

ಕಳೆದ ತಿಂಗಳು ನಾಸಿಕ್ ಹತ್ತಿರದ ಚಾಂದವಡ್ ದಾಟುವಾಗ ಮುಂದಿದ್ದ ಈರುಳ್ಳಿ ಲಾರಿಯಿಂದ ಸುಟ್ಟ ಆಯಿಲ್ ವಾಸನೆ ಬಂತು. ಕಾರಿನ ಗಾಜು ಏರಿಸಿದೆ. ಆದರೂ ವಾಸನೆ ಒಳಗೇ ಉಳಿಯಿತು... ಮಿಸ್ತ್ರಿ ನೆನಪಾದರು.

ಅವರು ಬೀದರ್ ಕಡೆಯವರು. ನಾಸಿಕ್‌ನಲ್ಲಿ ಡೀಸೆಲ್ ಎಂಜಿನ್ ರಿಪೇರಿಯ ಗ್ಯಾರೇಜ್ ಇಟ್ಟಿದ್ದರು. ನಾನು ಧಾರವಾಡದಿಂದ ಬ್ಯಾಂಕಿನ ಕೆಲಸದ ಮೇಲೆ ವರ್ಗವಾಗಿ ಬಂದವನು. ರಜೆ ಬಂದರೆ ಜೀಪ್ ರೇಸಿನ ಹುಚ್ಚು. ನನ್ನ ಡೀಸೆಲ್ ಜೀಪಿಗೆ ಟರ್ಬೊ ಕೂಡಿಸಿದ್ದು ಅವರೇ. ಎಂಜಿನ್ ಬಿಡುವ ಬಿಸಿ ಹೊಗೆಯ ರಭಸಕ್ಕೆ ಅದರ ಪುಟ್ಟ ಚಕ್ರ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಡೀಸೆಲ್ ಎಷ್ಟು ಹೋಗಬೇಕೆಂದು ಪಂಪಿನ ತಿರುಪನ್ನು ಹೊಂದಿಸಿ, ಅಲ್ಲಿ ಬಿಳಿ ಬಣ್ಣದ ಗೆರೆ ಎಳೆದಿದ್ದರು.

“ಇದರ ಮುಂದ ಹೋಗಬ್ಯಾಡ್ರಿ, ಸಾಹೇಬ್ರ. ಹೊಗಿ ಭಾಳ ಕಾಯ್ತದ. ಎಂಜಿನ್ ತಡೀತದ, ಟರ್ಬೊ ತಡಿಯಂಗಿಲ್ಲ.”

ರೇಸಿನ ಬೆಳಿಗ್ಗೆ ಅವರು ಚಹಾಕ್ಕೆ ಹೋದಾಗ ನಾನು ಆ ತಿರುಪನ್ನು ಅರ್ಧ ಸುತ್ತು ಹೆಚ್ಚಿಸಿದೆ. ಮೊದಲ ಏರನ್ನು ಜೀಪ್ ಒಂದೇ ಉಸಿರಿಗೆ ಹತ್ತಿತು. ಹಿಂದೆ ಕಪ್ಪು ಹೊಗೆ. ಶಾಖ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಗೆಲ್ಲುವ ಆಸೆ, ಕಾಲು ತೆಗೆಯಲಿಲ್ಲ. ಎರಡನೇ ಏರಿನಲ್ಲಿ ಟರ್ಬೊದ ಶಿಳ್ಳೆ ಕಿರುಚಾಟವಾಗಿ, ಒಮ್ಮೆಲೇ ನಿಂತುಹೋಯಿತು. ಮಿಸ್ತ್ರಿ ಕೆಳಗಿನಿಂದ ಓಡಿ ಬರುವಷ್ಟರಲ್ಲಿ ನಾನು ಜೀಪ್ ನಿಲ್ಲಿಸಿ, ಬಾನೆಟ್ ಎತ್ತಿ, ತಿರುಪನ್ನು ಮತ್ತೆ ಗೆರೆಗೆ ತಂದಿದ್ದೆ.

ಬಿಚ್ಚಿ ನೋಡಿದರೆ ಚಕ್ರದ ಅಲಗುಗಳ ತುದಿಗಳು ಕರಗಿ ಮುರಿದಿದ್ದವು. ಮಿಸ್ತ್ರಿ ಬಿಳಿ ಗೆರೆಯನ್ನೇ ಬಹಳ ಹೊತ್ತು ನೋಡಿದರು.

“ಮುಳ್ಳು ಕೆಂಪಿಗಿ ಹೋಗಿತ್ತೇನ್ರಿ?”

“ಇಲ್ಲ” ಎಂದೆ.

“ಹಂಗಾದ್ರ ನಂದೇ ಲೆಕ್ಕ ತಪ್ಪ್ಯಾದ.”

ಕೆಲವು ತಿಂಗಳಲ್ಲಿ ಅವರು ಗ್ಯಾರೇಜ್ ಮುಚ್ಚಿ ಸಂಭಾಜಿನಗರಕ್ಕೆ ಹೋದರು. ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಇದ್ದೆ... ವರ್ಷಗಳು ಕಳೆದವು.

ಲಾರಿಯ ವಾಸನೆ ಬಂದ ವಾರವೇ ವಿಳಾಸ ಹುಡುಕಿಕೊಂಡು ಹೋದೆ. ಬಾಗಿಲು ತೆರೆದದ್ದು ಅವರ ಮಗಳು. ಮಿಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತು. ಇಲ್ಲಿಗೆ ಬಂದ ಮೇಲೆ ಹೊಲಕ್ಕೆ ನೀರೆತ್ತುವ ಪಂಪುಗಳನ್ನಷ್ಟೇ ರಿಪೇರಿ ಮಾಡುತ್ತಿದ್ದರಂತೆ. ಯಾರಾದರೂ ಟರ್ಬೊ ತಂದರೆ, “ನನ್ನ ಕೈಮ್ಯಾಲ ನನಗ ಭರೋಸಾ ಇಲ್ಲ” ಎಂದು ವಾಪಸ್ ಕಳಿಸುತ್ತಿದ್ದರಂತೆ.

ನಾನು ತಿರುಪಿನ ವಿಷಯ ಹೇಳಿದೆ. ಆಕೆ ಮರಾಠಿಯಲ್ಲಿ ಏನೋ ಶುರುಮಾಡಿ, ನಿಲ್ಲಿಸಿ, ತಡವರಿಸುತ್ತ ಕನ್ನಡದಲ್ಲೇ ಹೇಳಿದಳು:

“ಅಪ್ಪಾ ಇದ್ದಾಗ ಹೇಳಬೇಕಿತ್ತಲ್ರಿ, ಕಾಕಾ.”

ಹೌದು ಎಂದೆ.