ಅಳಿಯನ ಬಿಯರ್ ಒಲೆ, ನನ್ನ ಮೆಣಸಿನಕಾಯಿ

ನನ್ನ ಮಗಳು ಒಂದೇ ತಿಂಗಳಲ್ಲಿ ಇಬ್ಬರನ್ನು ಅಡುಗೆಮನೆಯಿಂದ ಹೊರಗೆ ಹಾಕಿದಳು. ಮೊದಲು ನನ್ನನ್ನು, ಆಮೇಲೆ ತನ್ನ ಗಂಡನನ್ನು.

ನನ್ನ ತಪ್ಪು ಮೆಣಸಿನಕಾಯಿ. ವರ್ಷಕ್ಕೆಂದು ಮಾಡಿಟ್ಟ ಮಸಾಲೆ ಖಾರ ಮುಗಿದಿತ್ತು. ಊರಿನಿಂದ ಬರುವಾಗ ತಂದ ಬ್ಯಾಡಗಿ ಮೆಣಸಿನಕಾಯಿ ಚೀಲದಲ್ಲೇ ಇತ್ತು. ತುಸು ಎಣ್ಣೆ ಸವರಿ ಬಾಣಲೆಗೆ ಹಾಕಿದೆ. ಅಮೆರಿಕದ ಕ್ಯಾಂಟನ್ ಎಂಬ ಊರಿನ ಈ ಹೊಸ ಮನೆಗಳಲ್ಲಿ ಕಿಟಕಿ ಇರುವುದು ಹೊರಗೆ ನೋಡಲಿಕ್ಕೆ, ಹೊಗೆ ಹೋಗಲಿಕ್ಕಲ್ಲ. ಒಲೆಯ ಮೇಲಿನ ಫ್ಯಾನು ಕೆಳಗಿನಿಂದ ಎಳೆದ ಹೊಗೆಯನ್ನು ಮೇಲಿನಿಂದ ನಮ್ಮ ಮುಖಕ್ಕೇ ಊದುತ್ತದೆ. ಛಾವಣಿಯ ಅಲಾರಂ ಕಿರುಚಿಕೊಂಡಿತು. ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಆಫೀಸಿನ ಮೀಟಿಂಗ್ ಮಾಡುತ್ತಿದ್ದ ಮಗಳು ಕೆಮ್ಮುತ್ತ ಇಳಿದು ಬಂದಳು. ಮೀಟಿಂಗಿನಲ್ಲಿದ್ದವರೆಲ್ಲ ನೀನು ಆಸ್ಪತ್ರೆಗೆ ಹೋಗು ಎಂದರಂತೆ.

"ಅವ್ವಾ, ಇನ್ನ ಮ್ಯಾಲೆ ಈ ಮನ್ಯಾಗ ಮೆಣಸಿನಕಾಯಿ ಹುರಿಯೂದು ಬಂದ್," ಎಂದಳು.

"ಮತ್ತ ಖಾರ?"

"ಅಂಗಡ್ಯಾಗ ಸಿಗತೈತಿ."

ಅಂಗಡಿಯಲ್ಲಿ ಸಿಗುವುದು ಕೆಂಪು ಬಣ್ಣ, ಖಾರವಲ್ಲ. ಅದನ್ನು ಹಾಕಿದ ಎಣಗಾಯಿ ಪಲ್ಯ ಬಾಯಿಗೆ ಸೇರದೆ ನಾನು ಮಧ್ಯಾಹ್ನ, ರಾತ್ರಿ ಬರೀ ಮೊಸರನ್ನ ಉಣ್ಣತೊಡಗಿದೆ. ಜ್ವರ ಬಂದವರ ಬಾಳಾಯಿತು.

ಅಳಿಯನ ತಪ್ಪು ಬಿಯರ್. ಅವನು ಮೈಸೂರಿನ ಕಡೆಯವನು, ಆಬರ್ನ್ ಹಿಲ್ಸಿನ ಕಾರಿನ ಕಂಪನಿಯಲ್ಲಿ ಕೆಲಸ. ಎಂಜಿನ್ನು ಬಿಸಿಯಾಗದಂತೆ ನೋಡಿಕೊಳ್ಳುವುದಕ್ಕೆ ಅವನಿಗೆ ಸಂಬಳ. ಎದುರಿಗೆ ನಾನು 'ರೀ' ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಬಿಟ್ಟಿದ್ದೇನೆ, ಅವನಿಗೆ ಕನ್ನಡ ಓದುವ ತಾಳ್ಮೆ ಇಲ್ಲ. ಕುಡಿಯುವುದು ಬಿಡುವುದು ಅವನ ಇಚ್ಛೆ. ನನ್ನ ಗಂಡನೂ ಕುಡಿಯುತ್ತಿದ್ದ, ಆದರೆ ಕೊಂಡು ಕುಡಿಯುತ್ತಿದ್ದ. ಇವನಿಗೆ ಮನೆಯಲ್ಲೇ ಮಾಡುವ ಹುಚ್ಚು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಸಿ, ಆ ಸಿಹಿನೀರಿಗೆ ಏನೋ ಕಹಿ ಹೂವು ಹಾಕಿ ತಾಸುಗಟ್ಟಲೆ ಕುದಿಸಬೇಕು. ಪಾತ್ರೆ ಅಂದರೆ ನಮ್ಮೂರ ಮದುವೆಯ ಸಾರಿನ ಹಂಡೆಯಷ್ಟು. ಅಡುಗೆಮನೆಯ ಕರೆಂಟಿನ ಒಲೆ ಅದನ್ನು ಕುದಿಸಲಾರದೆ ಮಧ್ಯಾಹ್ನದವರೆಗೆ ಒದ್ದಾಡಿತು. ಮನೆಯೆಲ್ಲ ಎಮ್ಮೆಗೆ ಹುರುಳಿ ಬೇಯಿಸಿದ ವಾಸನೆ. ಕಡೆಗೂ ಕುದಿ ಬಂದದ್ದು ಅವನು ಫೋನಿನಲ್ಲಿದ್ದಾಗ. ಉಕ್ಕಿ ಹರಿದು ಒಲೆಯ ಗಾಜಿನ ಮೇಲೆ ಬೆಲ್ಲದ ಪಾಕದಂತೆ ಗಟ್ಟಿಯಾಯಿತು.

"ನೀವೂ ಹೊರಗ," ಎಂದಳು ಮಗಳು.

ಹೀಗೆ ಅತ್ತೆ ಅಳಿಯ ಒಂದೇ ಪಕ್ಷವಾದೆವು. ಹೊರಗೆ, ಹಿತ್ತಲ ಕಾಂಕ್ರೀಟಿನ ಮೇಲೆ ಇಡುವ ಒಲೆ ಯಾವುದಾಗಬೇಕು ಎಂದು ಅವನು ಸೋಫಾದಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡಿದ. ಪಕ್ಕದಲ್ಲಿ ನಾನೂ ಕೂತು ನೋಡಿದೆ.

"ಅತ್ತೆ, ಎಲೆಕ್ಟ್ರಿಕ್ಕೇ ಬೆಸ್ಟ್ ಅನ್ಸುತ್ತೆ. ಗಾಳಿ ಪ್ರಾಬ್ಲಮ್ ಇಲ್ಲ. ಟೆಂಪರೇಚರ್ ಸೆಟ್ ಮಾಡಿಬಿಟ್ರೆ ಆಯ್ತು."

"ಅದರ ಮ್ಯಾಲೆ ಬಾಣಲಿ ಕೂಡತೈತೇನ್ರಿ?"

"ಬಾಣಲೆ ಯಾಕೆ? ಬಿಸಿ ಮಾಡೋ ಕಾಯಿಲ್ ಪಾತ್ರೆ ಒಳಗೇ ಇರುತ್ತೆ."

"ಹಂಗಾರ ಗ್ಯಾಸಿಂದು ತೊಗೊಳ್ರಿ."

ಅವನು ನನ್ನನ್ನು ನೋಡಿದ. ನಾನು ಮುಚ್ಚಿಡಲಿಲ್ಲ. ನಿಮ್ಮ ಬಿಯರ್ ಆದ ಮೇಲೆ ಒಲೆ ಖಾಲಿ ಇರುತ್ತದೆ, ನನಗೆ ಮೆಣಸಿನಕಾಯಿ ಹುರಿಯುವುದಿದೆ ಎಂದೆ. ಅವನು ನಕ್ಕ. ಕರೆಂಟಿನದಕ್ಕೆ ದಪ್ಪ ವೈರಿನ ಬೇರೆ ಲೈನ್ ಎಳೆಸಬೇಕು, ಎಲೆಕ್ಟ್ರಿಷಿಯನ್ ಬರುವುದು ಮುಂದಿನ ತಿಂಗಳು ಎಂದು ತಿಳಿದ ಮೇಲೆ ನಗು ನಿಂತಿತು. ಗ್ಯಾಸಿನದೇ ಎಂದಾಯಿತು.

ಅಂಗಡಿಗೆ ನಾನೂ ಹೋದೆ. ಅವನಿಗೆ ಎತ್ತರದ ಸ್ಟ್ಯಾಂಡ್ ಬೇಕಿತ್ತು; ಕುದಿದ ನೀರನ್ನು ಎತ್ತದೆ ನಲ್ಲಿಯಿಂದ ಕೆಳಗಿನ ಪಾತ್ರೆಗೆ ಇಳಿಸಬಹುದಂತೆ. ನನಗೆ ಕೂತು ಹುರಿಯುವ ಒಲೆ ಬೇಕು. ನಿಂತು ಒಂದು ಚೀಲ ಮೆಣಸಿನಕಾಯಿ ಹುರಿದವರನ್ನು ನಾನಂತೂ ಕಂಡಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಒಂದೊಂದೇ ಒಲೆಯ ಮುಂದೆ ಸರಿದು, ಇಲ್ಲದ ಸೌಟನ್ನು ಆಡಿಸಿ ನೋಡಿದೆ. ಅಂಗಡಿಯ ಹುಡುಗಿ ಓಡಿ ಬಂದು ಆರ್ ಯೂ ಓಕೆ ಎಂದಳು. ಅಳಿಯ ಇಂಗ್ಲಿಷಿನಲ್ಲಿ ಏನೋ ಹೇಳಿದ. ಏನು ಹೇಳಿದನೋ, ಅವಳು ನನಗೊಂದು ಕುರ್ಚಿ, ಒಂದು ಗ್ಲಾಸು ನೀರು ತಂದುಕೊಟ್ಟಳು. ಕಡೆಗೆ ಗಿಡ್ಡ ಕಾಲಿನ, ಅಗಲ ಬಾಯಿಯ ಒಲೆ ಬಂತು. ಗಿಡ್ಡ ಇದ್ದರೆ ಹಂಡೆ ಉರುಳುವುದಿಲ್ಲ, ಸೇಫ್ಟಿ ಎಂದು ಅಳಿಯ ಮನೆಯಲ್ಲಿ ಹೇಳಿದ. ನಾನು ಹೌದೆಂದೆ.

ಶನಿವಾರ ಬೆಳಿಗ್ಗೆ ಒಲೆ ಹೊತ್ತಿಸುವ ಹೊತ್ತಿಗೆ ಮಗಳು ಅರಿಶಿಣ ಕುಂಕುಮದ ತಟ್ಟೆ, ಒಂದು ಪಾತ್ರೆ ಹಾಲು ಹಿಡಿದು ಬಂದಳು.

"ಸೆರಿ ಕಾಸೂ ಒಲಿಗೆ ಎಂಥಾ ಪೂಜಿ?" ಎಂದೆ.

"ಹೊಸಾ ಒಲಿ. ಹಾಲು ಉಕ್ಕಿಸಲಾರದ ಹೆಂಗ ಹಚ್ಚೂದು? ಒಲಿ ಅಂದ್ರ ಒಲೀನ."

ಕಾಲೇಜು ಓದಿದವಳು ಅವಳು. ನಾನು ನಾಲ್ಕನೆಯ ಇಯತ್ತೆ. ಒಲೆಯ ನಾಲ್ಕೂ ಕಾಲಿಗೆ ಅರಿಶಿಣ ಕುಂಕುಮ ಹಚ್ಚಿದಳು. ಅಳಿಯ ಗ್ಯಾಸ್ ತಿರುಗಿಸಿದ. ಒಲೆ ವಿಮಾನದಂತೆ ಮೊರೆಯಿತು. ಮನೆಯ ಒಲೆಯಲ್ಲಿ ಹಾಲು ಉಕ್ಕುವುದೆಂದರೆ ಮೆಲ್ಲಗೆ ಏರಿ, ಅಂಚಿಗೆ ಬಂದು, ನಾಲ್ಕು ಹನಿ ಚೆಲ್ಲುವುದು. ಇಲ್ಲಿ ಅಳಿಯ ಉರಿ ತಗ್ಗಿಸಲು ಗುಂಡಿ ಹುಡುಕುವುದರೊಳಗೆ ಪಾತ್ರೆಯ ಹಾಲೆಲ್ಲ ಮೇಲೆದ್ದು ಒಲೆಯ ಬಾಯಿಗೆ ಬಿತ್ತು.

"ಮೂಡಲಕ್ಕ ಉಕ್ಕಿತು, ಭಾಳ ಚಲೋ ಆತು," ಎಂದಳು ಮಗಳು.

ನಾನು ನೋಡಿದಂತೆ ಅದು ನಾಲ್ಕೂ ದಿಕ್ಕಿಗೆ ಉಕ್ಕಿತ್ತು.

ಆಮೇಲೆ ಅಳಿಯ ತನ್ನ ಹಂಡೆ ಏರಿಸಿದ. ಉರಿ ನೀಲಿ ಇದ್ದದ್ದು ಹಳದಿಯಾಯಿತು. ಹೊಸ ಸ್ಟೀಲಿನ ಹಂಡೆಗೆ ತಳದಿಂದ ಮಸಿ ಹತ್ತಿತು. ನೀರು ಕೈ ಅದ್ದುವಷ್ಟು ಬೆಚ್ಚಗಾಗಿ ಅಲ್ಲೇ ನಿಂತಿತು. ಅಳಿಯ ಗಾಳಿಯದೇ ತಪ್ಪು ಎಂದು ಕೇಕು ಸುಡುವ ಟ್ರೇಗಳನ್ನು ಸುತ್ತ ನಿಲ್ಲಿಸಿದ. ಟ್ರೇಗಳು ಬಿದ್ದವು. ರೆಗ್ಯುಲೇಟರ್ ಸರಿಯಿಲ್ಲ ಎಂದ. ನಾನು ಸಿಲಿಂಡರ್ ತೀರುತ್ತ ಬಂದಿದೆ ಎಂದೆ.

"ಅಡ್ಡ ಮಲಗಸ್ರಿ. ನಮ್ಮ ಕಡೆ ಹಂಗ ಮಾಡಿದ್ರ ಇನ್ನೊಂದು ಹೊತ್ತಿನ ಅಡಿಗಿ ಆಗತೈತಿ."

ಅವನ ಮುಖ ಬಿಳುಚಿತು. ನನಗೂ ಸಿಲಿಂಡರಿಗೂ ನಡುವೆ ಬಂದು ನಿಂತುಕೊಂಡ.

"ಅತ್ತೆ, ದಯವಿಟ್ಟು ಒಳಗೆ ಹೋಗಿ ಕೂತ್ಕೊಳ್ಳಿ."

ಸಂಜೆಗೆ ಬಾರ್ಲಿಯ ನೀರು ಹುಲ್ಲಿನ ಪಾಲಾಯಿತು. ಅಳಿಯ ಸಿಟ್ಟಿನಲ್ಲೇ ಫೋನ್ ತೆಗೆದು ಕರೆಂಟಿನ ಹಂಡೆ ಆರ್ಡರ್ ಮಾಡಿದ. ಅದು ನನಗೆ ಸಂಬಂಧಿಸಿದ್ದಲ್ಲ. ಆದರೆ ಮುಂದಿನ ಮಾತು ನನಗೇ ತಾಗುವಂಥದ್ದು.

"ಈ ದರಿದ್ರಾನ ನಾಳೆ ರಿಟರ್ನ್ ಮಾಡ್ತೀನಿ. ಥರ್ಟಿ ಡೇಸ್ ಒಳಗೆ ಏನಿದ್ರೂ ವಾಪಸ್ ತಗೋತಾರೆ."

ಅಮೆರಿಕದ ಈ ಪದ್ಧತಿ ನನಗೆ ಗೊತ್ತು. ಅರ್ಧ ತಿಂದ ಕಲ್ಲಂಗಡಿಯನ್ನೂ ಇಲ್ಲಿ ವಾಪಸ್ ಕೊಟ್ಟವರಿದ್ದಾರೆ. ಒಲೆ ಹೋದರೆ ನನ್ನ ಮೆಣಸಿನಕಾಯಿ ಚೀಲದಲ್ಲೇ ಹುಳ ಹಿಡಿಯುತ್ತದೆ, ನಾನು ಮೊಸರನ್ನ ಉಂಡು ಕೊನೆಗಾಣಬೇಕು. ಭಾನುವಾರ ಬೆಳಿಗ್ಗೆ ಅವನು ಒಲೆಯನ್ನು ಡಬ್ಬಿಗೆ ಹಾಕಲು ಕೂತ. ಅರಿಶಿಣ ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಷ್ಟರಲ್ಲಿ ಮಗಳು ಚಹಾ ತಂದಳು. ಅವಳ ಕಿವಿಗೆ ಬೀಳುವಂತೆ ಅಳಿಯನಿಗೆ ಹೇಳಿದೆ:

"ಪೂಜಿ ಮಾಡಿ, ಹಾಲು ಉಕ್ಕಿಸಿದ ಒಲೀನ ಮನಿ ಬಿಟ್ಟು ಕಳಸ್ತೀರೇನ್ರಿ?"

ಚಹಾದ ಕಪ್ಪು ಕೈಯಲ್ಲಿದ್ದಂತೆಯೇ ಮಗಳು ಗಂಡನತ್ತ ತಿರುಗಿದಳು.

"ಹೌದಲ್ರೀ. ಹಂಗ ಕಳಸಬಾರದು."

"ಬರ್ನರ್ ಕಣೇ ಅದು. ದೇವರಲ್ಲ."

"ದೇವರು ಅಂತ ಯಾರಂದ್ರು?" ಎಂದೆ. "ಒಲಿ ಅಂದ್ರ ಒಲೀನ."

ಅಳಿಯ ನನ್ನತ್ತ ತಿರುಗಿದ. "ಅತ್ತೆ, ನಿನ್ನೆ ನೀವೇ ಇದನ್ನ ಸೆರೆ ಕಾಯಿಸೋ ಒಲೆ ಅಂದ್ರಿ."

"ನಾ ಅಂದಾಗ ಇನ್ನೂ ಪೂಜಿ ಆಗಿರಲಿಲ್ಲ."

ಒಲೆ ಉಳಿಯಿತು. ಮಗಳು ಫೋನಿನ ಬೆಳಕು ಬಿಟ್ಟು ಒಲೆಯ ಬಾಯೊಳಗೆ ನೋಡಿದಳು. ತೂತುಗಳ ತುಂಬ ಸೀದ ಹಾಲು, ಮೇಲೆ ಕೆನೆಗಟ್ಟಿದಂತೆ ಕರಿ ಪೊರೆ. ಹಲ್ಲುಜ್ಜುವ ಹಳೆಯ ಬ್ರಶ್ಶು ತಂದು ತಿಕ್ಕುತ್ತ ಕೂತಳು. ಮಧ್ಯಾಹ್ನ ಹೊತ್ತಿಸಿದಾಗ ಉರಿ ಮತ್ತೆ ನೀಲಿಯಾಗಿ ಮೊರೆಯಿತು.

"ಅಯ್ಯೋ, ಚೆನ್ನಾಗೇ ಇದೆಯಲ್ಲ," ಎನ್ನುತ್ತ ಅಳಿಯ ಹಂಡೆ ತರಲು ಎದ್ದ. ಅಷ್ಟರಲ್ಲಿ ನಾನು ಉರಿ ಸಣ್ಣ ಮಾಡಿ, ಬಾಣಲೆ ಇಟ್ಟು, ಮುಂದೆ ಮಣೆ ಹಾಕಿ ಕೂತಾಗಿತ್ತು. ನಿಮ್ಮದು ಕರೆಂಟಿನದು ಬರುತ್ತದಲ್ಲ ಎಂದೆ.

ಸ್ವೆಟರಿನ ಮೇಲೆ ಶಾಲು ಹೊದ್ದು ಚೀಲದ ಮೆಣಸಿನಕಾಯಿ ಪೂರ್ತಿ ಹುರಿದೆ. ಒಂದು ಅಲಾರಮ್ಮೂ ಕೂಗಲಿಲ್ಲ. ಘಾಟು ಬೇಲಿ ದಾಟಿ ಹೋಯಿತು. ಪಕ್ಕದ ಮನೆಯ ಬಿಳಿಯ ಮುದುಕ ಕಣ್ಣೊರೆಸಿಕೊಳ್ಳುತ್ತ ಬಂದು ಏನೆಂದು ಕೇಳಿದ. ಅಳಿಯ ಸಮಾಧಾನಕ್ಕೆ ತನ್ನ ಹಿಂದಿನ ಸಲದ ಬಿಯರ್ ಒಂದು ಬಾಟಲಿ ಕೊಟ್ಟ. ಮುದುಕ ಅಲ್ಲೇ ನಿಂತು ಒಂದು ಗುಟುಕು ಕುಡಿದ. ಅವನ ಮುಖ ನೋಡಿದೆ. ಘಾಟೇ ವಾಸಿ ಎಂದುಕೊಂಡಿರಬೇಕು.

ಆ ಖಾರದ ಎಣಗಾಯಿಯನ್ನು ಮಗಳು ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು ಉಂಡಳು. ಅಂಗಡಿಯ ಖಾರದ ಮಾತು ಎತ್ತಲಿಲ್ಲ.

ಮುಂದಿನ ತಿಂಗಳು ದಪ್ಪ ವೈರೂ ಬಂತು, ಕರೆಂಟಿನ ಹಂಡೆಯೂ ಬಂತು. ಅಳಿಯ ಡಬ್ಬಿ ಬಿಚ್ಚುತ್ತಿದ್ದಾಗ ಮಗಳು ಅರಿಶಿಣ ಕುಂಕುಮದ ತಟ್ಟೆ ಹಿಡಿದು ಗರಾಜಿಗೆ ಬಂದಳು. ಅವನು ಹಂಡೆಯ ಮುಂದೆ ಎರಡೂ ಕೈ ಅಡ್ಡ ಹಿಡಿದು ನಿಂತ.

"ಥರ್ಟಿ ಡೇಸ್ ಆಗ್ಲಿ, ಆಮೇಲೆ ಮಾಡು," ಎಂದ.