ಗುರುಪಾದಪ್ಪನವರ ಐದನೆಯ ಡೋಸ್

ಕೋವಿಡ್ ಗದ್ದಲ ತಣ್ಣಗಾದ ಮೇಲಿನ ವರ್ಷ. ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಾನು ಔಷಧ ಪರೀಕ್ಷೆಯ ವಿಭಾಗದ ನರ್ಸ್. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು, ಮೊಣಕಾಲುಗಳು ಮಾತ್ರ ಆಗಲೇ ನಿವೃತ್ತವಾಗಿದ್ದವು. ಆಪರೇಷನ್, ರೇಡಿಯೇಷನ್ ಎಲ್ಲ ಆಗಿಯೂ ಬಾಯಿ, ಕುತ್ತಿಗೆಯ ಕ್ಯಾನ್ಸರ್ ಮರಳಿ ಬಂದವರಿಗೆ ಎರಡು ಇಮ್ಯುನೊಥೆರಪಿ ಔಷಧಗಳನ್ನು ಜೊತೆಯಾಗಿ ಕೊಟ್ಟು ನೋಡುವ ಟ್ರಯಲ್ ಅದು. ಈ ಔಷಧ ಗಡ್ಡೆಯನ್ನು ತಾನೇ ಕೊಲ್ಲುವುದಿಲ್ಲ; ದೇಹದ ರೋಗನಿರೋಧಕ ಶಕ್ತಿಯನ್ನು ಅದರ ಮೇಲೆ ಬಿಡುತ್ತದೆ. ಕಟ್ಟಿದ ನಾಯಿಯನ್ನು ಕಳ್ಳನ ಮೇಲೆ ಬಿಚ್ಚಿ ಬಿಟ್ಟಂತೆ. ಕೆಲವೊಮ್ಮೆ ಅದು ಮನೆಯವರನ್ನೂ ಕಚ್ಚುತ್ತದೆ, ಹೆಚ್ಚಾಗಿ ಕರುಳನ್ನು. ಅದಕ್ಕೇ ಪ್ರತಿ ಡೋಸಿಗೆ ಮುಂಚೆ ಭೇದಿ, ಹೊಟ್ಟೆನೋವು ಇದೆಯೇ ಎಂದು ವಿಚಾರಿಸಿ ಫಾರ್ಮ್ ತುಂಬುವುದು ನನ್ನ ಕೆಲಸ.

ಹಳೇ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಗುರುಪಾದಪ್ಪನವರು ಹೆಂಡತಿ ನೀಲವ್ವನವರ ಜೊತೆ ಬರುತ್ತಿದ್ದರು. ಅರ್ಧ ನಾಲಿಗೆ ಹೋಗಿತ್ತು, ಮರ್ಯಾದೆ ಪೂರ್ತಿ ಉಳಿದಿತ್ತು. ನಾಲ್ಕನೆಯ ಡೋಸಿಗೆ ಬಂದಾಗ ಕುತ್ತಿಗೆಯ ಗಡ್ಡೆ ಇಳಿದಿತ್ತು; ಅಂಗಿಯ ಮೇಲಿನ ಗುಂಡಿ ಹಾಕಿ ತೋರಿಸಿದರು. ನನಗೂ ಬಹಳ ಖುಷಿಯಾಯಿತು.

ನಮ್ಮ ಕಡೆ ಯಾರು ಎದುರಾದರೂ ಆರಾಮವೇ ಎಂದು ಕೇಳುವುದು, ಅವರು ಆರಾಮ ಎನ್ನುವುದು ರೂಢಿ. ಜ್ವರದಲ್ಲಿ ನಡುಗುವವನೂ ಹಾಗೇ ಅನ್ನುತ್ತಾನೆ. ಧಾರವಾಡದಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರದ ಮಾತಲ್ಲ. ಆದರೆ ಐದನೆಯ ಡೋಸಿನ ದಿನ ಸರದಿ ಉದ್ದವಿತ್ತು, ನನಗೆ ಸಾಕುಸಾಕಾಗಿತ್ತು.

“ಆರಾಮ ಅದೀರೇನ್ರಿ? ಹೊಟ್ಟಿದೇನೂ ತ್ರಾಸ ಇಲ್ಲಲ್ರಿ?”

“ಆರಾಮ ಅದೀನ್ರಿ ಸಿಸ್ಟರ.”

‘ಇಲ್ಲ’ ಎಂದು ಗುರುತು ಹಾಕಿದೆ. ಔಷಧ ಏರಿಸಿದರು.

ಅದಾದ ನಾಲ್ಕನೆಯ ದಿನ ಅವರನ್ನು ಸ್ಟ್ರೆಚರ್ ಮೇಲೆ ತಂದರು. ರಕ್ತಭೇದಿ, ಬಿಪಿ ಪಾತಾಳಕ್ಕೆ.

“ಹದಿನೈದು ದಿನಾ ಆತ್ರಿ,” ಎಂದರು ನೀಲವ್ವ. “ದಿನಕ್ಕ ಏಳೆಂಟು ಸಲ ಹೊರಕಡಿಗೆ ಹೋಗತಿದ್ರು. ಗೊತ್ತಾದ್ರ ಔಷಧ ಬಂದ್ ಮಾಡ್ತಾರ, ಬಾಯಿ ಬಿಡಬ್ಯಾಡ ಅಂದಿದ್ರು. ಧೋತರ ಒಗದೊಗದು ನನಗ ಸಾಕಾಗಿತ್ತು.”

“ನೀವಾದ್ರೂ ನನಗ ಹೇಳಬಾರದೇನ್ರಿ?”

“ಬಾಜೂಕ ಕುಂತಿದ್ದೆ. ನನ್ನ ಯಾರು ಕೇಳಿದ್ರಿ?”

ಸ್ಟಿರಾಯ್ಡ್ ಕೊಟ್ಟು ಕರುಳನ್ನು ಶಾಂತ ಮಾಡಿದರು, ಜೀವ ಉಳಿಯಿತು. ಆದರೆ ಇಷ್ಟು ತೀವ್ರವಾದ ಮೇಲೆ ಆ ಔಷಧ ಮತ್ತೆ ಕೊಡುವಂತಿರಲಿಲ್ಲ. ಮೊದಲೇ ತಿಳಿದಿದ್ದರೆ ಕೆಲವು ದಿನ ತಡೆದು, ಭೇದಿ ನಿಲ್ಲಿಸಿ, ಮುಂದುವರಿಸಿ ನೋಡಬಹುದಿತ್ತು. ಗಡ್ಡೆ ಮತ್ತೆ ಬೆಳೆಯಿತು. ಸಂಕ್ರಾಂತಿಗೆ ಮುಂಚೆ ಅವರು ತೀರಿಕೊಂಡರು. ಆ ಔಷಧ ಮುಂದುವರಿದಿದ್ದರೆ ಬದುಕುತ್ತಿದ್ದರೇ? ಯಾವ ಡಾಕ್ಟರೂ ಹೇಳಲಾರರು. ಅದೇ ನನ್ನನ್ನು ಹೆಚ್ಚು ದಣಿಸಿದ್ದು. ವರದಿಯಲ್ಲಿ ‘ರೋಗಿ ತಿಳಿಸಲಿಲ್ಲ’ ಎಂದು ಬರೆದರು, ನಾನು ಸಹಿ ಮಾಡಿದೆ. ಅದು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ.

ಆಮೇಲೆ ನಿವೃತ್ತಿಯವರೆಗೂ ರೋಗಿಯ ಜೊತೆ ಬಂದವರನ್ನೂ ಹೊರಗೆ ಕರೆದು ಕೇಳುತ್ತಿದ್ದೆ: ನಿನ್ನೆ ಎಷ್ಟು ಸಲ, ಮೊನ್ನೆ ಎಷ್ಟು ಸಲ? ಕೆಲವರು ಇದರಿಂದಲೇ ಸಮಯಕ್ಕೆ ಸಿಕ್ಕು ಉಳಿದರು. ಪಾಠ ಕಲಿತದ್ದು ನಾನು, ದಂಡ ತೆತ್ತವರು ನೀಲವ್ವ.