ಸುಡದೆ ತೂಗಿದ ಪುಡಿ

"ನಿಮ್ಮನೇಲಿ ಹಬ್ಬಕ್ಕೆ ಏನ್ ಮಾಡ್ತೀರಾ?"

ಮಲ್ಲೇಶ್ವರಂನ ಒಂದು ಅಡ್ಡರಸ್ತೆಯಲ್ಲಿ, ಬೀಗ ತೆಗೆಯದ ಗ್ರಿಲ್ಲಿನ ಹಿಂದೆ ನಿಂತು ಮನೆಯೊಡತಿ ಸರೋಜಮ್ಮ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಕಲಬುರಗಿಯ ರೈಲಿಳಿದು ನೇರವಾಗಿ ಬಂದಿದ್ದೆ. ಕೇಳಿದ್ದು ಬಾಡಿಗೆಗೆ ಒಂದು ಕೋಣೆ. ಹೋಳಿಗೆ ಮಾಡುತ್ತೇವೆ ಎಂದೆ. "ಅದಲ್ಲ, ಬೇರೆ ಏನಾದ್ರೂ..." ಎಂದು ಎಳೆದರು. ಆಮೇಲೆ ಮನೆದೇವರು ಯಾರು, ಬೆಳ್ಳುಳ್ಳಿ ತಿನ್ನುತ್ತೀರಾ, ಶ್ರಾವಣದಲ್ಲಿ ಏನೇನು ಬಿಡುತ್ತೀರಿ ಎಂದೆಲ್ಲ ಬಂತು. ನಮ್ಮ ಕಡೆ "ನೀವು ಯಾರ ಪೈಕಿ?" ಎಂದು ಮುಖಕ್ಕೇ ಕೇಳುತ್ತಾರೆ. ಅದೂ ಹೊಲಸೇ. ಇಲ್ಲಿಯವರು ಅದೇ ಹೊಲಸನ್ನು ತೊಳೆದ ಕಾಫಿ ಲೋಟದಲ್ಲಿ ಹಾಕಿ ಕೊಡುತ್ತಾರೆ. ಉತ್ತರಗಳು ಒಪ್ಪಿಗೆಯಾದ ಮೇಲೆ ಬೀಗ ತೆಗೆದರು.

ಈ ಊರನ್ನು ಹೊಗಳಿ ಬರೆಯುತ್ತೇನೆಂದು ಕಾಯುತ್ತಿದ್ದರೆ ದಯವಿಟ್ಟು ಕಾಯಬೇಡಿ. ಇಲ್ಲಿ ಸಾರಿಗೆ ಬೆಲ್ಲ ಹಾಕುತ್ತಾರೆ, ಖಾರಕ್ಕೂ ಬೆಲ್ಲ ಹಾಕುತ್ತಾರೆ. ಮಾತಿಗೆ ಮಾತ್ರ ಹಾಕುವುದಿಲ್ಲ. 'ಗುರು' ಎಂದರೆ ಕಲಿಸುವವನಲ್ಲ, ಹೆಸರು ಗೊತ್ತಿಲ್ಲದ ಯಾವ ಗಂಡಸಾದರೂ ಗುರುವೇ. ನಾನು ಬಾಯಿ ತೆರೆದರೆ ಸಾಕು, "ನಿಮ್ದು ಹುಬ್ಳಿನಾ?" ಎನ್ನುತ್ತಾರೆ. ತುಮಕೂರು ದಾಟಿದರೆ ಇರುವುದೆಲ್ಲ ಇವರಿಗೆ ಹುಬ್ಬಳ್ಳಿ.

ನಾನು ಬಂದದ್ದು ಸಂಶೋಧನೆಗೆ. ಒರಳಿನಲ್ಲಿ ಪುಡಿ ಅರೆದು, ಒತ್ತಿ ಬಿಲ್ಲೆ ಮಾಡಿ, ಫರ್ನೇಸಿನಲ್ಲಿ ಸುಡುವುದು ನನ್ನ ಕೆಲಸ. ಪೆರೊವ್‌ಸ್ಕೈಟ್ ಎಂಬ ಜಾತಿಯ ಪಿಂಗಾಣಿ ಅದು. ಕೋಬಾಲ್ಟ್ ಮತ್ತು ಆಮ್ಲಜನಕ ಸೇರಿ ಸಾಲುಸಾಲಾಗಿ ಗೂಡು ಕಟ್ಟುತ್ತವೆ, ಗೂಡೊಳಗೆ ದಪ್ಪನೆಯ ಪರಮಾಣುಗಳು ಕೂರುತ್ತವೆ: ಲ್ಯಾಂಥನಮ್ ಇಲ್ಲವೇ ಬೇರಿಯಂ. ಬರೀ ಗಾಳಿಯಲ್ಲಿ ಸುಟ್ಟರೆ ಎರಡೂ ಸಿಕ್ಕಸಿಕ್ಕ ಗೂಡಿಗೆ ನುಗ್ಗುತ್ತವೆ. ಗಾಳಿ ತೆಗೆದು ಆರ್ಗಾನ್ ಅನಿಲ ಬಿಟ್ಟು ಸುಟ್ಟರೆ ಒಂದು ಪದರ ಲ್ಯಾಂಥನಮ್, ಒಂದು ಪದರ ಬೇರಿಯಂ, ಹೀಗೆ ಶಿಸ್ತಾಗಿ ಕೂರುತ್ತವೆ. ಪದರ ಕೂತಿತೋ ಇಲ್ಲವೋ ಎಂಬುದನ್ನು ಎಕ್ಸ್‌ರೇ ಹೇಳುತ್ತದೆ. ಕೂತಿದ್ದರೆ ಅದರ ನಕ್ಷೆಯ ಕಾಗದದಲ್ಲಿ ಎಡಗಡೆ ಒಂದು ಸಣ್ಣ ಶಿಖರ ಹೆಚ್ಚಿಗೆ ಏಳುತ್ತದೆ.

ಆ ಶಿಖರ ಯುಗಾದಿಯೊಳಗೆ ಏಳದಿದ್ದರೆ ಈ ವಿಷಯವನ್ನು ಬೇರೆ ಹುಡುಗನಿಗೆ ಕೊಡುತ್ತೇನೆಂದು ನನ್ನ ಗೈಡ್ ಹೇಳಿದ್ದರು.

ಫರ್ನೇಸ್ ನೋಡಿಕೊಳ್ಳುತ್ತಿದ್ದವರು ಮುನಿರಾಜು, ಶ್ರೀರಾಂಪುರದವರು. ಈ ಊರಿನಲ್ಲಿ ನನ್ನ ಮನೆದೇವರು ಯಾರೆಂದು ಕೇಳದ ಒಬ್ಬರೇ ಒಬ್ಬರು. ಮೊದಲ ವಾರ ನಾನು ಲ್ಯಾಂಥನಮ್ ಆಕ್ಸೈಡನ್ನು ಬಾಟಲಿಯಿಂದ ಸುರಿದು ತೂಗುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿದರು.

"ಮೇಡಂ, ಅದನ್ನ ಮೊದ್ಲು ಸುಟ್ಟು, ಬಿಸಿ ಆರ್ತಿದ್ದಂಗೆ ತೂಗ್ಬಿಡಿ. ಇಲ್ಲಿ ಗಾಳೀಲಿ ನೀರು ಜಾಸ್ತಿ."

"ನಂಗ ಕಲಸ್ಬ್ಯಾಡ್ರಿ. ನಮ್ಮೂರಾಗ ಹಿಂಗೇ ತೂಗತಿದ್ವಿ."

"ಆಯ್ತು ಬಿಡಿ" ಎಂದು ಹೋದರು. ಹತ್ತನೇ ತರಗತಿಯ ಮನುಷ್ಯ, ಚಿನ್ನದ ಪದಕದವಳಿಗೆ ಪಾಠ ಹೇಳಲು ಬಂದ ಎಂದುಕೊಂಡೆ. ನಿಜ ಹೇಳಬೇಕೆಂದರೆ ಇದಕ್ಕಿಂತ ಕೆಟ್ಟದ್ದನ್ನೇ ಅಂದುಕೊಂಡೆ.

ಮೂರು ಸಲ ಸುಟ್ಟೆ. ಮೂರೂ ಸಲ ನನಗೆ ಬೇಕಾದ ಶಿಖರ ಏಳಲಿಲ್ಲ, ಬೇಡದ ಕಸದ ಶಿಖರಗಳು ಎದ್ದವು. ಈ ಊರಿನ ಫರ್ನೇಸೂ ಈ ಊರಿನ ಜನರ ಹಾಗೆಯೇ ಎಂದು ತೀರ್ಮಾನಿಸಿದೆ. ಮೂರನೆಯ ಸಲದ ಮಧ್ಯಾಹ್ನ ಗೈಡ್‌ಗೆ ಮೇಲ್ ಬರೆದೆ: ಮುನಿರಾಜು ಕಾಫಿ ಕುಡಿಯಲು ಹೋಗುತ್ತಾರೆ, ಶಾಖ ಏರಿಳಿಯುತ್ತದೆ, ಅದಕ್ಕೇ ಹೀಗಾಗುತ್ತಿದೆ. ಶಾಖ ಏರಿಳಿದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವರು ಕಾಫಿಗೆ ಹೋದದ್ದು ಮಾತ್ರ ನಿಜ. ಈ ಊರಿನಲ್ಲಿ ಕಾಫಿಗೆ ಹೋಗದವರು ಯಾರು?

ಮರುವಾರ ಫರ್ನೇಸ್ ಕೋಣೆಯಲ್ಲಿ ಬೇರೆಯವರಿದ್ದರು. ಮುನಿರಾಜುವನ್ನು ನೆಲಮಾಳಿಗೆಯ ಸ್ಟೋರಿಗೆ ಹಾಕಿದ್ದರು.

ನಾಲ್ಕನೆಯ ಸಲ, ಮಾಡಲು ಬೇರೇನೂ ತೋಚದೆ, ಬಾಟಲಿಯ ಪುಡಿಯನ್ನು ತೂಗಿ, ಸುಟ್ಟು, ಮತ್ತೆ ತೂಗಿದೆ. ತೂಕ ಇಳಿದಿತ್ತು. ಲ್ಯಾಂಥನಮ್ ಎಂದು ನಾನು ಇಷ್ಟು ದಿನ ತೂಗಿದ್ದರಲ್ಲಿ ಒಂದು ಪಾಲು ಬೆಂಗಳೂರಿನ ಗಾಳಿಯ ನೀರು. ಅದಕ್ಕೇ ಬೇರಿಯಂ ಮಿಕ್ಕು ಕಸವಾಗಿ ನಿಲ್ಲುತ್ತಿತ್ತು. ಕಲಬುರಗಿಯಲ್ಲಿಯೂ ನಾವು ಮಾಡುತ್ತಿದ್ದುದು ತಪ್ಪೇ. ಅಲ್ಲಿನ ಒಣ ಬಿಸಿಲು ನಮ್ಮ ದಡ್ಡತನವನ್ನು ಮುಚ್ಚಿಕೊಂಡು ಬಂದಿತ್ತು, ಅದನ್ನೇ ನಾನು ವಿದ್ಯೆ ಎಂದು ಕಟ್ಟಿಕೊಂಡು ಬಂದಿದ್ದೆ.

ಪುಡಿಯನ್ನು ಸುಟ್ಟು ತೂಗಿದೆ. ಆರ್ಗಾನ್ ಬಿಟ್ಟೆ, ಕೊನೆಗೆ ಹದವಾದ ಶಾಖದಲ್ಲಿ ಆಮ್ಲಜನಕ ಕುಡಿಸಿದೆ. ಯುಗಾದಿಗೆ ನಾಲ್ಕು ದಿನವಿರುವಾಗ ಎಡಗಡೆಯ ಸಣ್ಣ ಶಿಖರ ಎದ್ದಿತು. ಗೈಡ್ ಬೆನ್ನು ತಟ್ಟಿದರು. "ನೀನು ಅಂದಿದ್ದು ಸರಿ, ಆಳು ಬದಲಾದ ಕೂಡ್ಲೇ ಬಂತು ನೋಡು" ಎಂದರು. ನಾನು ಬಾಯಿ ಬಿಡಲಿಲ್ಲ. ಎರಡು ದಿನ ಬಿಡಲಿಲ್ಲ. ಮೂರನೆಯ ದಿನ ಹೋಗಿ ನಿಜ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಹೋಗ್ಲಿ, ಈಗ ಮತ್ತೆ ಬದಲಾಯಿಸೋದು ಬೇಡ" ಎಂದರು.

ಆ ಸಂಜೆ ಅವ್ವ ಫೋನ್ ಮಾಡಿದಳು. "ಅಲ್ಲಿ ಮಂದಿ ಚಲೋ ಇದ್ದಾರೇನವ್ವಾ?" ಎಂದು ಕೇಳಿದಳು. ನಾನು "ಇದಾರೆ ಅಮ್ಮ, ಪರ್ವಾಗಿಲ್ಲ" ಎಂದೆ. "ಏನಂದಿ?" ಎಂದು ಮತ್ತೆ ಕೇಳಿದಳು. ಹುಟ್ಟಿದಾಗಿನಿಂದ ನಾನು ಅವಳನ್ನು ಅಮ್ಮ ಎಂದು ಕರೆದವಳಲ್ಲ.

ಮರುದಿನ ಸ್ಟೋರಿಗಿಳಿದೆ. ಮುನಿರಾಜು ಗಾಜಿನ ಸಾಮಾನು ಎಣಿಸುತ್ತಿದ್ದರು. ಪುಡಿಯ ವಿಷಯ ಹೇಳಿದೆ, ಮೇಲ್ ಬರೆದದ್ದು ನಾನೇ ಎಂದೆ, ತಪ್ಪಾಯಿತು ಎಂದೆ. ನಮ್ಮೂರಲ್ಲಾಗಿದ್ದರೆ ಇಷ್ಟಕ್ಕೆ ಒಬ್ಬರಾದರೂ ಬೈಯುತ್ತಿದ್ದರು, ಬೈದು ಚಹಾ ಕುಡಿಸುತ್ತಿದ್ದರು. ಬೈಯಲಿ ಎಂದು ಕಾಯುತ್ತಾ ನಿಂತೆ.

ಅವರು ಕೈಯಲ್ಲಿದ್ದ ಬೀಕರನ್ನು ಅದರ ಜಾಗದಲ್ಲಿಟ್ಟರು.

"ಮೇಲ್ ಬರೆದಿದ್ದು ನೀವೇ ಅಂತ ಗೊತ್ತಿತ್ತು ಮೇಡಂ, ನನ್ ಮುಖಕ್ಕೆ ಒಂದ್ ಮಾತೂ ಹೇಳ್ದೆ. ಬಿಡಿ, ನೀವೂ ಈಗ ಇಲ್ಲಿಯೋರೇ ಆಗ್ಬಿಟ್ರಿ."